ಕಡಲ ಕಡೆಯ ಹೆಗಲು

ಕರ್ರ್, ಕರ್ರ್ ಎಂದು ಏನನ್ನೋ ಕೆರೆಯುವ ಸದ್ದು. ಅದು ನಿಂತ ಸ್ವಲ್ಪ ಹೊತ್ತಿಗೆ ನೀರು ಚಿಮುಕಿಸಿದ ಸದ್ದು. ಆಮೇಲೆ ಥಪ್, ಥಪ್ ಎಂದು ಹಸಿ ಮಣ್ಣು ಮೆತ್ತುವ ಸದ್ದು.

ನೋಲೀನ್ ಅಡುಗೆಮನೆಯ ಮೇಜಿನ ಮುಂದೆ ಕೂತು ಹಿಟ್ಟಿಗೆ ಬೆಣ್ಣೆ ಉಜ್ಜುತ್ತಿದ್ದಳು. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಬಿದ್ದಿತ್ತು. ಎಡಗೈ ಒಂದರಲ್ಲೇ ಸ್ಕೋನ್ ಎಂಬ ಬನ್ನಿನ ಹಿಟ್ಟು ಒಂದುಗೂಡುವುದು ನಿಧಾನದ ಕೆಲಸ. ಕಿಟಕಿಯ ಆಚೆ ನಾರುಗಿಡದ ಬೇಲಿ, ಬೇಲಿಯ ಆಚೆ ಹ್ಯೂಗೋ ಪೆಲ್‌ನ ಹಳೆಯ ಕುಂಬಾರಿಕೆಯ ಅಂಗಳ. ಕೆರೆಯುವ ಸದ್ದು ಕೇಳಿದಾಗ ಅವಳು ತಲೆಯೆತ್ತಲಿಲ್ಲ. ವಾರದಿಂದ ಊರಿನ ಹುಡುಗರು ಹುಡುಗಿಯರು ಬಂದು ಮಡಕೆ ಸುಡುವ ಆವಿಗೆಯ ಹೊಟ್ಟೆಗೆ ಕಟ್ಟಿದ ಕಬ್ಬಿಣದ ಪಟ್ಟಿಗಳ ತುಕ್ಕು ಉಜ್ಜುತ್ತಿದ್ದರು. ಇದೂ ಅದೇ ಇರಬೇಕು ಎಂದುಕೊಂಡಳು. ಮಣ್ಣು ಮೆತ್ತುವ ಸದ್ದು ಬಂದಾಗ ಮಾತ್ರ ಕೈ ನಿಲ್ಲಿಸಿ ಕೇಳಿದಳು. ಒಲೆಬಾಯಿಗೆ ಹಚ್ಚುತ್ತಿದ್ದಾರೆ, ಶನಿವಾರದ ಬೆಂಕಿಗೆ ಸಿದ್ಧ ಮಾಡುತ್ತಿದ್ದಾರೆ. ಮಣ್ಣು ಹದವಾಗಿ ಬಂದಿದೆ ಎಂದು ಸದ್ದಿನಲ್ಲೇ ತಿಳಿಯಿತು. ನೀರು ಹೆಚ್ಚಾದ ಮಣ್ಣು ಪಚಪಚ ಎನ್ನುತ್ತದೆ, ಕಡಿಮೆಯಾದದ್ದು ಉದುರುತ್ತದೆ. ಇದು ಇಟ್ಟಿಗೆಯನ್ನು ಕಚ್ಚಿ ಹಿಡಿಯುವ ಮಣ್ಣು. ಎಷ್ಟೋ ವರ್ಷದ ಮೇಲೆ ಕೇಳಿದ ಆ ಸದ್ದಿಗೆ ಅವಳ ಮನಸ್ಸು, ಬಹಳ ದಿನ ಮುಚ್ಚಿದ್ದ ಕಿಟಕಿ ತೆರೆದ ಹಾಗೆ, ಒಂದಿಷ್ಟು ಹಗುರವಾಯಿತು.

ಅವಳು ವೈಕೋಟುಕುವಿಗೆ ಬಂದದ್ದು ಮದುವೆಯಾದ ಹೊಸತರಲ್ಲಿ. ಗಂಡ ಟ್ರೆವರ್‌ಗೆ ಕುರಿಮಾಂಸದ ಕಾರ್ಖಾನೆಯಲ್ಲಿ ಕೆಲಸ. ಅವಳಿಗೆ ಗಾಜಿನ ಮನೆಗಳಲ್ಲಿ ಟೊಮೆಟೊ ಕೀಳುವ ಕೆಲಸ. ರೈಲುಹಳಿಗೂ ಕಡಲಿಗೂ ನಡುವೆ ಗಾಳಿ ಬಾಗಿಸಿಟ್ಟ ಮರಗಳ ಊರು. ಏಳೆಂಟು ವರ್ಷದ ಮೇಲೆ ಹ್ಯೂಗೋ ಪೆಲ್ ಅಲ್ಲಿ ಜಾಗ ಹಿಡಿದು, ಮುರಿದ ಗ್ಯಾಸ್ ಕಾರ್ಖಾನೆಯೊಂದರ ಇಟ್ಟಿಗೆ ತಂದು, ತನ್ನ ಕೈಯಾರೆ ಎರಡು ಆವಿಗೆ ಕಟ್ಟಿದ. ದುಂಡನೆಯ ಗುಮ್ಮಟದ ಆವಿಗೆಗಳು, ಒಂದು ದೊಡ್ಡದು, ಪಕ್ಕದಲ್ಲಿ ಒಂದು ಚಿಕ್ಕದು. ನೋಡಿದವರಿಗೆ ಕಾವು ಕೂತ ಕೋಳಿಯಂತೆಯೂ ಅದರ ಮರಿಯಂತೆಯೂ ಕಾಣುತ್ತಿದ್ದವು. ಕೋಳಿ, ಮರಿ ಎಂಬ ಹೆಸರು ಹಾಗೆಯೇ ನಿಂತಿತು. ಹ್ಯೂಗೋ ಪಟ್ಟಣದಲ್ಲಿ ಕಲಾಶಾಲೆ ಓದಿದವನು, ಪ್ರದರ್ಶನಗಳಲ್ಲಿ ಹೆಸರು ಮಾಡಿದವನು. ಆದರೆ ಮಣ್ಣು ನಾದುವುದೆಂದರೆ ಅವನಿಗೆ ಬೆನ್ನುನೋವು. "ತೋಳು ಗಟ್ಟಿಯಿರೋರು ಯಾರಾದ್ರೂ ಇದ್ರೆ ಹೇಳಿ" ಎಂದು ಅಂಚೆಮನೆಯಲ್ಲಿ ಕೇಳಿದನಂತೆ. ಅಂಚೆಮನೆಯವಳು ನೋಲೀನ್‌ಳನ್ನು ಕಳಿಸಿದಳು.

ಅಲ್ಲಿಂದ ಮುಂದೆ ಅವಳ ಬದುಕೆಲ್ಲ ಆ ಅಂಗಳದಲ್ಲೇ ನಡೆಯಿತು. ಅವಳು ಒಂದು ಮಡಕೆಯನ್ನೂ ಮಾಡಿದವಳಲ್ಲ. ತಿಗರಿಯ ಮುಂದೆ ಕೂರು ಎಂದು ಹ್ಯೂಗೋ ಕರೆದರೆ, "ತಿರುಗೋದು ನೋಡಿದ್ರೆ ನಂಗೆ ತಲೆ ಸುತ್ತತ್ತೆ" ಎಂದು ನಗುತ್ತಿದ್ದಳು. ಅವಳ ಕೆಲಸ ನಾದುವುದು, ಹೊರುವುದು, ಆವಿಗೆಯ ಬಾಗಿಲಿಗೆ ಇಟ್ಟಿಗೆ ಏರಿಸಿ ಮುಚ್ಚುವುದು, ಮೆತ್ತುವುದು. ಬೆಂಕಿ ಬಿಳುಪಿಗೆ ತಿರುಗಿದಾಗ ಒದ್ದೆ ಕಾಗದದಲ್ಲಿ ಕಟ್ಟಿದ ಉಪ್ಪಿನ ಪೊಟ್ಟಣಗಳನ್ನು ಒಲೆಬಾಯಿಗೆ ಎಸೆಯುವುದು. ಉಪ್ಪು ಸಿಡಿದು ಆವಿಯಾಗಿ ಒಳಗಿನ ಹೂಜಿ ಬೋಗುಣಿಗಳ ಮೈಗೆಲ್ಲ ಮೆರುಗಾಗಿ ಕೂರುತ್ತಿತ್ತು. ಚಿಮಣಿಯಿಂದ ಬಿಳಿಯ ಹೊಗೆ ಊರ ಮೇಲೆ ಹೋಗುತ್ತಿತ್ತು. "ಒಣಗಿಸಿದ ಬಟ್ಟೆಯೆಲ್ಲ ಉಪ್ಪುಪ್ಪು" ಎಂದು ನೆರೆಯವರು ಬೈಯುತ್ತಿದ್ದರು, ಮರುದಿನ ಬಂದು ಅದೇ ಹೂಜಿಗಳನ್ನು ಕೊಳ್ಳುತ್ತಿದ್ದರು.

ಬೆಂಕಿ ಹಾಕುವ ಪ್ರತಿ ಸಲವೂ ಮೊದಲು ಆವಿಗೆಯ ಮೈ ನೋಡಬೇಕು. ಉರಿಯಲ್ಲಿ ಉಬ್ಬಿ, ಆರಿದಾಗ ಕುಗ್ಗಿ, ಗುಮ್ಮಟದ ಮೇಲಿನ ಮೆತ್ತಿಗೆ ಬಿರುಕು ಬಿಟ್ಟಿರುತ್ತದೆ. ಬಿರುಕನ್ನು ಹಾಗೇ ಬಿಟ್ಟರೆ ಗಾಳಿ ಒಳಗೆ ಹೊಕ್ಕು ಒಂದು ಮಗ್ಗುಲು ತಣ್ಣಗಾಗಿ ಮಡಕೆಗಳೆಲ್ಲ ಕೆಡುತ್ತವೆ. ಕಡಲ ಕಡೆಗೆ ತಿರುಗಿದ ಗುಮ್ಮಟದ ಇಳಿಜಾರನ್ನು ಅವರು ಹೆಗಲು ಎನ್ನುತ್ತಿದ್ದರು. ಗಾಳಿ ಮೊದಲು ತಾಗುವುದು ಅಲ್ಲಿಗೆ, ಬಿರುಕು ಹೆಚ್ಚು ಬಿಡುವುದೂ ಅಲ್ಲೇ. ಹಾಗಾಗಿ ಆ ಹೆಗಲಿಗೆ ಮಣ್ಣು ಮೆತ್ತುವ ಕೆಲಸವನ್ನು ಹ್ಯೂಗೋ ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ನೋಲೀನ್‌ಳೇ ಮಾಡಬೇಕು.

ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಅದು ಹ್ಯೂಗೋನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿತ್ತು. ಮೂರನೆಯವರಿಗೆ ಗೊತ್ತಿರಲಿಲ್ಲ.

ಕೋಳಿಗೆ ಮೊದಲ ಸಲ ಮೆತ್ತಿಗೆ ಹಚ್ಚಿದ ದಿನ ನೋಲೀನ್ ತನ್ನ ಮಗಳು ಪಿಪ್ಪಾಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದಳು. ಆಗಿನ್ನೂ ಶಾಲೆಗೆ ಸೇರಿದ ಮಗು. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಅಮ್ಮ ಥಪ್ ಎಂದು ಮಣ್ಣು ಬಡಿದು ಸವರುವುದನ್ನು ನೋಡಿ, ಬಕೆಟ್ ಬೋರಲು ಹಾಕಿ ಅದರ ಮೇಲೆ ಹತ್ತಿ, ತಾನೂ ಒಂದು ಏಟು ಥಪ್ ಎಂದು ಕೊಟ್ಟಿತು. ಐದು ಬೆರಳು ಅಗಲವಾಗಿ ಮೂಡಿದವು. ಕಿರುಬೆರಳು ಮಾತ್ರ ಒಳಕ್ಕೆ ಸೊಟ್ಟ. ಅಪ್ಪನ ಕಡೆಯಿಂದ ಬಂದ ಸೊಟ್ಟ.

"ಅಯ್ಯೋ, ಹಾಳ್ಮಾಡಿದ್ಯಲ್ಲೇ" ಎಂದು ನೋಲೀನ್ ಸವರಲು ಕೈಯೆತ್ತಿದಾಗ ಹ್ಯೂಗೋ ತಡೆದ.

"ಇರ್ಲಿ ಬಿಡು. ಕೋಳಿಗೊಂದು ಪುಕ್ಕ ಬೇಡ್ವಾ?"

ಆ ವಸಂತದಲ್ಲೇ ಮಗುವಿಗೆ ಜ್ವರ ಬಂತು. ಬೆಳಿಗ್ಗೆ ಕತ್ತು ನೋವು ಅಂದಿತು, ಸಂಜೆಗೆ ಬೆಳಕು ಕಂಡರೆ ಅಳತೊಡಗಿತು. ದೊಡ್ಡಾಸ್ಪತ್ರೆಗೆ ಕರೆದೊಯ್ದರು, ಡಾಕ್ಟರುಗಳು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಮಗು ಮನೆಗೆ ತಿರುಗಿ ಬರಲಿಲ್ಲ.

ಟ್ರೆವರ್ ಒಂದಷ್ಟು ಕಾಲ ಮನೆಯಲ್ಲಿದ್ದ. ಆಮೇಲೆ ದಕ್ಷಿಣದ ದ್ವೀಪದಲ್ಲಿ ಒಳ್ಳೆಯ ಕೆಲಸವಿದೆ ಎಂದು ಹೋದ. ಬಾ ಎಂದು ಕರೆದ, ಅವಳು ಹೋಗಲಿಲ್ಲ. ಯಾಕೆ ಹೋಗಲಿಲ್ಲವೆಂದು ಊರು ತನಗೆ ತೋಚಿದಂತೆ ಹೇಳಿಕೊಂಡಿತು.

ಮಗು ಹೋದ ಮೇಲೆ ಮೊದಲ ಸಲ ಬೆಂಕಿ ಹಾಕುವ ಮುನ್ನ ಹ್ಯೂಗೋ ಮಣ್ಣಿನ ಬಕೆಟ್ ತಂದು ಅವಳ ಕಾಲ ಬಳಿ ಇಟ್ಟು ಒಳಗೆ ಹೋದ. ಅವಳು ಹೆಗಲ ಬಳಿ ನಿಂತಳು. ಬಿರುಕು ಕೈಗುರುತಿನ ಅಂಚಿನವರೆಗೂ ಬಂದು ನಿಂತಿತ್ತು. ಅವಳು ಸುತ್ತಲೂ ಮೆತ್ತಿದಳು, ಒಂದೊಂದು ಬೆರಳಿನ ಸಂದಿಗೂ ತನ್ನ ಕಿರುಬೆರಳ ತುದಿಯಿಂದ ಮಣ್ಣು ಕೂರಿಸಿದಳು. ಗುರುತಿನೊಳಗೆ ಒಂದು ಕಣವೂ ಬೀಳಲಿಲ್ಲ. ಅಂದಿನಿಂದ ಪ್ರತಿ ಸಲವೂ ಹಾಗೆಯೇ.

ವರ್ಷಗಳು ಹೋದಂತೆ ಕೋಳಿಯ ಮೈ ಮೇಲೆ ಮೆತ್ತಿಗೆ ದಪ್ಪವಾಗುತ್ತ ಬಂತು, ನಡುವಿನ ಕೈ ಮಾತ್ರ ಇದ್ದಲ್ಲೇ ಇತ್ತು. ಸುತ್ತಲ ಮಣ್ಣು ಏರಿದಷ್ಟೂ ಅದು ಆಳಕ್ಕೆ ಇಳಿಯಿತು. ಮೊದಮೊದಲು ಹತ್ತಿರ ಹೋಗಿ ನೋಡಿದರೆ ಮಗುವಿನ ಕೈ ಎಂದು ತಿಳಿಯುವಂತಿತ್ತು. ಆಮೇಲಾಮೇಲೆ ಅಂಚುಗಳು ಒಂದಕ್ಕೊಂದು ಕೂಡಿಕೊಂಡು ಅದೊಂದು ಕರಿಯ ಪೊಟರೆಯಾಯಿತು, ಹಕ್ಕಿ ಕೊರೆದದ್ದೋ ಇಟ್ಟಿಗೆ ಜಾರಿದ್ದೋ ಎನ್ನುವ ಹಾಗೆ. ಒಂದು ಬೇಸಿಗೆ ಕಣಜವೊಂದು ಹೆಬ್ಬೆರಳಿನೊಳಗೆ ಗೂಡು ಕಟ್ಟಿತು. ನೋಲೀನ್ ತಲೆಪಿನ್ನಿನಿಂದ ಅದನ್ನು ಬಿಡಿಸಿ ತೆಗೆದಳು. ಆದರೆ ಬೆರಳು ತೂರಿಸಿದವರಿಗೆ, ತಳ ಮುಟ್ಟಿದವರಿಗೆ, ಅಲ್ಲಿ ಅಂಗೈಯ ಗುಳಿ ಸಿಗುತ್ತಿತ್ತು, ಸೊಟ್ಟ ಕಿರುಬೆರಳು ಸಿಗುತ್ತಿತ್ತು.

ಮನೆಯಲ್ಲಿ ಪಿಪ್ಪಾಳ ಫೋಟೋಗಳಿದ್ದವು. ಆದರೆ ಫೋಟೋದ ಮಗುವಿಗೆ ಅಳತೆಯಿಲ್ಲ. ಎಷ್ಟು ದೊಡ್ಡದಿತ್ತು, ತೊಡೆಯ ಮೇಲೆ ಎಷ್ಟು ತುಂಬುತ್ತಿತ್ತು ಎಂದು ಅದು ಹೇಳುವುದಿಲ್ಲ. ಕೋಳಿಯ ಹೆಗಲು ಹೇಳುತ್ತಿತ್ತು. ಇಷ್ಟೇ ಇತ್ತು, ನಿನ್ನ ಅಂಗೈಯೊಳಗೆ ಮುಚ್ಚಿಟ್ಟುಕೊಳ್ಳುವಷ್ಟು.

ಊರಿನವರು ಬೇರೆಯೇ ಕಥೆ ಕಟ್ಟಿದ್ದರು. ಗಂಡ ಬಿಟ್ಟು ಹೋದರೂ ಊರು ಬಿಡದವಳು, ದಿನಾ ಬೆಳಿಗ್ಗೆ ಆ ಅಂಗಳಕ್ಕೆ ಹೋಗುವವಳು, ಹೋದೊಡನೆ ಆವಿಗೆಯ ಹೆಗಲ ಮೇಲೆ ಕೈಯಿಟ್ಟು ನಿಲ್ಲುವವಳು. ಇನ್ನೇನಿರುತ್ತದೆ? ಹ್ಯೂಗೋ ಮದುವೆಯಾಗದೇ ಉಳಿದದ್ದು ಆ ಕಥೆಗೆ ಒಗ್ಗರಣೆ ಹಾಕಿದಂತಾಯಿತು. ನೋಲೀನ್ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅಲ್ಲವೆಂದರೆ ಮತ್ತೇನು ಎಂದು ಕೇಳುತ್ತಾರೆ. ಹೇಳಿದರೆ ಬಂದು ನೋಡುತ್ತಾರೆ, ಹನಿಗಣ್ಣಾಗುತ್ತಾರೆ, ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೋರಿಸುತ್ತಾರೆ. ಆ ಕೈಯನ್ನು ಹಿಡಿಯಲು ಅವಳೊಬ್ಬಳೇ ಸಾಕಾಗಿತ್ತು.

ಹ್ಯೂಗೋ ಮುದಿಯಾಗಿ, ಉಸಿರು ಹಿಡಿಯುವುದು ಕಷ್ಟವಾಗಿ, ಒಂದು ಚಳಿಗಾಲದಲ್ಲಿ ತೀರಿಕೊಂಡ. ಕೋಳಿ, ಮರಿ ಎರಡೂ ತಣ್ಣಗಾದವು. ತಗಡಿನ ಸೂರಿನ ಕೆಳಗೆ ಜೇಡ ಬಲೆ ಕಟ್ಟಿತು. ಕೆಲವು ವರ್ಷದ ಮೇಲೆ ಹೆದ್ದಾರಿ ಅಗಲ ಮಾಡುತ್ತಾರೆ, ಆವಿಗೆಗಳನ್ನು ಕೆಡವುತ್ತಾರೆ ಎಂಬ ಸುದ್ದಿ ಬಂತು. ಊರ ಸಭಾಭವನದಲ್ಲಿ ಜನ ಸೇರಿದರು. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದ ರೊವೆನಾ ಮುಂದೆ ನಿಂತು ಮಾತಾಡಿದಳು. ಇವು ಉಳಿಯಬೇಕು, ಇಲ್ಲಿ ಊರಿನವರೆಲ್ಲರಿಗೂ ಒಂದು ಕಲಾಕೇಂದ್ರವಾಗಬೇಕು, ಮಕ್ಕಳು ಮಣ್ಣು ಕಲಿಯಬೇಕು ಎಂದಳು. ಕೆಲವರು ಹೌದೆಂದರು, ಕೆಲವರು ರಸ್ತೆಯೇ ಮುಖ್ಯ ಎಂದರು. ಹಿಂದಿನ ಸಾಲಿನಿಂದ, ಯಾವ ಸಭೆಯಲ್ಲೂ ಬಾಯಿ ತೆರೆಯದ ನೋಲೀನ್ ಎದ್ದು ನಿಂತಳು.

"ನಂಗೆ ಮಾತಾಡಕ್ಕೆ ಬರಲ್ಲ. ಆ ಕೋಳಿನ ಕೆಡವಿಬಿಟ್ರೆ ಬೆಳಗಾದ್ರೆ ನಾನು ಎಲ್ಲಿಗೆ ಹೋಗ್ಲಿ?"

ಅಷ್ಟೇ ಹೇಳಿ ಕೂತಳು. ಹ್ಯೂಗೋನನ್ನು ನೆನೆದು ಹಲವರು ಕಣ್ಣೊರೆಸಿಕೊಂಡರು. ಆ ಮಾತೇ ಸಭೆಯನ್ನು ತಿರುಗಿಸಿತು ಎಂದು ಆಮೇಲೆ ಎಲ್ಲರೂ ಹೇಳಿದರು. ಓಡಾಟ, ಅರ್ಜಿ, ಮತ್ತೆ ಓಡಾಟ. ಕೊನೆಗೆ ರಸ್ತೆ ಬೇರೆ ಕಡೆಗೆ ಬಾಗಿತು, ಆವಿಗೆಗಳು ಉಳಿದವು.

ಕೇಂದ್ರ ತೆರೆಯುವ ದಿನ ಕೋಳಿಗೆ ಮತ್ತೆ ಬೆಂಕಿ ಹಾಕಬೇಕೆಂದು ರೊವೆನಾ ಹಠ ಹಿಡಿದಳು. ಉರಿಯದ ಆವಿಗೆ ಸತ್ತ ಆವಿಗೆ. ಹ್ಯೂಗೋನ ಮಾತೇ ಅದು. ನೋಲೀನ್ ಆ ಮಾತಿಗೆ ಎದುರಾಡಲಾರಳು. ಒಪ್ಪಿದಳು. ಒಂದೇ ಒಂದು ಕಟ್ಟಳೆ ಹಾಕಿದಳು.

"ಕಡಲ ಕಡೆ ಹೆಗಲಿಗೆ ಮಾತ್ರ ಯಾರೂ ಕೈ ಹಚ್ಚಬಾರ್ದು. ಅದನ್ನ ನಾನು ನೋಡ್ಕೋತೀನಿ."

"ಖಂಡಿತ ನೋಲೀನ್. ನಿಮ್ಮಷ್ಟು ಚೆನ್ನಾಗಿ ಅದು ಇನ್ಯಾರಿಗೆ ಗೊತ್ತು?" ಎಂದಳು ರೊವೆನಾ. ಎಲ್ಲರಿಗೂ ಹೇಳಿದಳು ಕೂಡ.

ಆಮೇಲೆ ಒಂದು ದಿನ ನೋಲೀನ್ ಹಿಮ ಕೂತ ಮೆಟ್ಟಿಲ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಳು. ಇರಲಿ, ಎಡಗೈಯಿದೆ. ನಾಳೆ ಶುಕ್ರವಾರ ಜನರೆಲ್ಲ ಊಟಕ್ಕೆ ಹೋದಾಗ ಹೋಗಿ ನಿಧಾನವಾಗಿ ಸುತ್ತ ಮೆತ್ತಿ ಬರುತ್ತೇನೆ ಎಂದುಕೊಂಡಿದ್ದಳು.

ಹಿಟ್ಟನ್ನು ತಟ್ಟಿ ಕತ್ತರಿಸುವ ಹೊತ್ತಿಗೆ ಹಿಂಬಾಗಿಲಲ್ಲಿ ರೊವೆನಾಳ ದನಿ ಕೇಳಿಸಿತು.

"ನೋಲೀನ್, ಇದೀರಾ? ಒಂದು ಕೈಯಲ್ಲಿ ಸ್ಕೋನ್ ಮಾಡ್ತಿದೀರಲ್ಲ, ಎರಡೂ ಕೈಯಿರೋ ನಾನು ಮಾಡಿದ್ರೆ ಕಲ್ಲಾಗತ್ತೆ."

"ನೀವು ಜಾಸ್ತಿ ನಾದ್ತೀರಿ. ಸ್ಕೋನ್ ಹಿಟ್ಟನ್ನ ಶಾಲೆ ಮಕ್ಕಳ ಥರ ತಿದ್ದಕ್ಕೆ ಹೋಗ್ಬಾರ್ದು."

ರೊವೆನಾ ನಕ್ಕು ಕುರ್ಚಿ ಎಳೆದುಕೊಂಡಳು. "ಎರಡು ವಿಷಯ ಕೇಳೋಕೆ ಬಂದೆ. ಶನಿವಾರ ಮೊದಲ ಬೆಂಕಿ ನಿಮ್ಮ ಕೈಯಿಂದ್ಲೇ ಆಗ್ಬೇಕು. ಬೇಡ ಅನ್ಬೇಡಿ. ಇನ್ನೊಂದು, ಕೋಳಿ ಪಕ್ಕ ಒಂದು ಬೆಂಚು ಹಾಕಿಸ್ತಿದೀವಿ. ಅದರ ಮೇಲೆ ನಿಮ್ಮ ಹೆಸರು, ಹ್ಯೂಗೋ ಹೆಸರು, ಎರಡೂ ಒಟ್ಟಿಗೆ."

"ಬೆಂಚಿಗೆ ಹೆಸರ್ಯಾಕೆ? ಕೂರೋರು ಅದರ ಮೇಲೇ ತಾನೆ ಕೂರೋದು."

"ಹೋಹೆಪಾನೂ ಹಿಂಗೇ ಅಂದ್ರು."

"ಹೋಹೆಪಾ ಬಂದ್ನಾ?" ನೋಲೀನ್‌ಳ ಮುಖ ಅರಳಿತು. ಹೋಹೆಪಾ ರೈಲುಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದವನು. ರಜೆ ಸಿಕ್ಕಾಗೆಲ್ಲ ಬಂದು ಕೋಳಿಗೆ ಸೌದೆ ಉಣಿಸುತ್ತಿದ್ದವನು. ಅವಳು ಉಪ್ಪು ಎಸೆದರೆ ಅವನು ಸೌದೆ ತುಂಬುತ್ತಿದ್ದ; ಇಬ್ಬರೂ ಒಂದೇ ಒಲೆಯ ಮುಂದೆ ಮುಖ ಕಪ್ಪು ಮಾಡಿಕೊಂಡು ಮುದುಕರಾದವರು. ಸೊಂಟದ ಆಪರೇಷನ್ನಿಗೆಂದು ಆಕ್ಲೆಂಡಿನ ಮಗಳ ಮನೆಗೆ ಹೋದವನು ಚಳಿಗಾಲವೆಲ್ಲ ಊರಲ್ಲಿರಲಿಲ್ಲ.

"ನಿನ್ನೆ ಸಂಜೆ ಬಂದ್ರು. ಬೆಳಿಗ್ಗೆಯಿಂದ ಅಲ್ಲೇ ಇದಾರೆ. ಹೆಗಲಿಗೆ ಯಾರನ್ನೂ ಬಿಡ್ತಿಲ್ಲ ನೀವು, ಅಷ್ಟು ಕಾಳಜಿ, ಕೈ ಬೇರೆ ಮುರ್ಕೊಂಡಿದೀರಿ ಅಂತ ಹೇಳ್ದೆ. ಅದಕ್ಕವರು, ಗೊತ್ತು ಗೊತ್ತು, ಅದು ಕಷ್ಟದ ಜಾಗ, ಹುಡುಗ್ರ ಕೈಗೆ ಕೊಡೋ ಜಾಗ ಅಲ್ಲ, ಅವಳ ಕೈ ಆಡಲ್ಲ ಅಂದ್ರೆ ನನ್ನ ಕೈ ಇದೆಯಲ್ಲ ಅಂತ..."

ನೋಲೀನ್ ಕೈಯಲ್ಲಿದ್ದ ಚಾಕುವನ್ನು ಮೇಜಿನ ಮೇಲಿಟ್ಟಳು. ಹೊರಗೆ ಥಪ್ ಎನ್ನುವ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು. ಅದು ಈಗ ಅವಳ ಗಮನಕ್ಕೆ ಬಂತು.

"ಒಲೆಯಲ್ಲಿ ಸ್ಕೋನ್ ಇಡಿ ರೊವೆನಾ. ಬಣ್ಣ ಬಂದ ತಕ್ಷಣ ತೆಗೀರಿ" ಎಂದಳು. ಮೈಮೇಲಿನ ಹಿಟ್ಟನ್ನೂ ಕೊಡವದೆ ಹೊರಟಳು.

ಬೇಲಿಯ ಸಂದಿಯಿಂದ ಅಂಗಳಕ್ಕೆ ಒಂದು ಕಾಲುದಾರಿ. ಅವಳ ಕಾಲೇ ತುಳಿದು ಮಾಡಿದ ದಾರಿ. ಮುಂದುಗಡೆ ಹುಡುಗರು ಹೂಜಿಗಳನ್ನು ಒಳಗೆ ಜೋಡಿಸುತ್ತಿದ್ದರು, ಯಾರೋ ರೇಡಿಯೋ ಹಾಕಿದ್ದರು. ಅವಳು ಸುತ್ತು ಹಾಕಿ ಕಡಲ ಕಡೆಗೆ ಹೋದಳು.

ಹೋಹೆಪಾ ಬೋರಲು ಹಾಕಿದ ಬಕೆಟ್ ಮೇಲೆ ಕೂತು ಬೆರಳುಗಳಿಂದ ಮಣ್ಣು ಬಿಡಿಸಿಕೊಳ್ಳುತ್ತಿದ್ದ. ಅವನ ಬೆನ್ನ ಹಿಂದೆ ಕೋಳಿಯ ಹೆಗಲು ಮೇಲಿನಿಂದ ಕೆಳಗಿನವರೆಗೆ ನುಣ್ಣಗೆ, ತೇವವಾಗಿ, ಎಲ್ಲಿಯೂ ಒಂದು ಗೆರೆಯಿಲ್ಲದೆ ಹೊಳೆಯುತ್ತಿತ್ತು.

"ಬಂದ್ಯಾ, ಮುದುಕಿ. ಇದೇನು, ಕೈನೇ ಹೂಜಿ ಮಾಡ್ಕೊಂಡಿದೀಯಾ? ಶನಿವಾರ ಅದನ್ನೂ ಒಳಗಿಟ್ಟು ಸುಟ್ಟುಬಿಡೋಣ, ಒಳ್ಳೆ ಮೆರುಗು ಬರತ್ತೆ."

ಅವಳು ನಗಲಿಲ್ಲ. ಹೆಗಲನ್ನೇ ನೋಡುತ್ತಿದ್ದಳು.

"ಏನು ನೋಡ್ತೀಯ? ತಪ್ಪಿದ್ರೆ ಹೇಳು. ನಿನ್ನ ಮೆತ್ತಿಗೆ ಅಲ್ಲ, ಆದ್ರೂ ಪರವಾಗಿಲ್ಲ ಅನ್ಸ್ಕೊಳ್ತೀನಿ."

"ಚೆನ್ನಾಗಿದೆ" ಎಂದಳು. ದನಿ ಅವಳದೇ ಎನಿಸಲಿಲ್ಲ. ಆಮೇಲೆ ಕೇಳಿದಳು. "ಹಚ್ಚೋ ಮುಂಚೆ ಕೆರೆದ್ಯಾ, ಹೋಹೆಪಾ?"

ಹಸಿಮಣ್ಣನ್ನು ಬಿಡಿಸಬಹುದು. ಎಚ್ಚರದಿಂದ, ಚಮಚದ ಹಿಡಿಯಿಂದ, ಚೂರುಚೂರೇ ತೆಗೆದರೆ ಹಳೆಯದರ ಮೇಲಿನಿಂದ ಅದು ಸಿಪ್ಪೆಯಂತೆ ಎದ್ದು ಬರುತ್ತದೆ. ಹಳೆಯದನ್ನು ಕೆರೆಯದೆ ಇದ್ದರೆ. ಅವಳ ಜೀವವೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು.

ಹೋಹೆಪಾನಿಗೆ ನಿಜಕ್ಕೂ ನೋವಾಯಿತು.

"ಇದೆಂಥ ಪ್ರಶ್ನೆ ನೋಲಿ? ಇಷ್ಟು ವರ್ಷ ನಿನ್ನ ಜೊತೆ ಇದ್ದು ಕೆರೀದೆ ಹಚ್ತೀನಾ? ಕೆರೀದೆ ಹಚ್ಚಿದ್ರೆ ಮೊದಲ್ನೇ ಉರಿಗೇ ಹಪ್ಪಳ ಎದ್ದ ಹಾಗೆ ಏಳತ್ತೆ. ಗಟ್ಟಿ ಸಿಗೋವರೆಗೂ ಕೆರ್ದೆ. ಅಲ್ಲೊಂದು ಪೊಟರೆ ಇತ್ತಲ್ಲ, ನೆನಪಿದ್ಯಾ? ಹ್ಯೂಗೋ ಹೋದ ಮೇಲೆ ಯಾರೂ ನೋಡ್ದೆ ಆಗಿರೋದು. ಅದರ ಅಂಚೆಲ್ಲ ಪುಡಿಪುಡಿ. ಉಳಿ ಒಳಗೆ ಬಿಟ್ಟು ತಳದವರೆಗೂ ಕೆರ್ದು, ಹೊಟ್ಟೆ ತುಂಬ ನೀರು ಕುಡಿಸಿ, ಎರಡು ಮುಷ್ಟಿ ಮಣ್ಣು ಒತ್ತಿದೀನಿ. ಇನ್ನು ನಿನ್ನ ಕಾಲಕ್ಕೂ ನನ್ನ ಕಾಲಕ್ಕೂ ಅದು ಬಿಡಲ್ಲ."

"ಕೆರ್ದಿದ್ದು ಎಲ್ಲಿ?"

"ಎಲ್ಲೂ ಎಸೀಲಿಲ್ಲಮ್ಮ. ಕುಟ್ಟಿ ಜರಡಿ ಹಿಡಿದು ಹೊಸ ಮಣ್ಣಿಗೇ ಬೆರೆಸ್ದೆ. ಸುಟ್ಟ ಮಣ್ಣು ಬೆರೆಸಿದ್ರೆ ಬಿರುಕು ಬಿಡಲ್ಲ ಅಂತ ನಂಗೆ ಹೇಳಿಕೊಟ್ಟಿದ್ದೇ ನೀನು."

ಹೌದು, ಅವಳೇ ಹೇಳಿಕೊಟ್ಟಿದ್ದಳು. ಕೆರೆಯಬೇಕು, ನೀರು ಕುಡಿಸಬೇಕು, ಹಳೆಯದನ್ನು ಹೊಸದಕ್ಕೆ ಬೆರೆಸಬೇಕು. ಅವನು ಒಂದನ್ನೂ ಬಿಟ್ಟಿರಲಿಲ್ಲ. ಅಡುಗೆಮನೆಯಲ್ಲಿ ಹಿಟ್ಟಿಗೆ ಬೆಣ್ಣೆ ಉಜ್ಜುತ್ತ ಕೂತು ತಾನು ಕೇಳಿದ ಕರ್ರ್ ಎಂಬ ಮೊದಲ ಸದ್ದು ಯಾವುದೆಂದು ಅವಳಿಗೀಗ ತಿಳಿಯಿತು. ಅದು ಬಹಳ ಹೊತ್ತೇನೂ ಇರಲಿಲ್ಲ. ಬೇಲಿ ದಾಟಿ ಬರಲು ಅವಳಿಗೆ ಬೇಕಾದಷ್ಟು ಹೊತ್ತು ಮಾತ್ರ ಇತ್ತು.

ಅವಳು ಹತ್ತಿರ ಹೋಗಿ ಎಡಗೈಯನ್ನು ಆ ಜಾಗದ ಮೇಲಿಟ್ಟಳು. ಕಣ್ಣು ಮುಚ್ಚಿಯೂ ಸಿಗುವ ಜಾಗ. ಮಣ್ಣು ತಣ್ಣಗಿತ್ತು, ಅಂಗೈಯನ್ನು ಸಮನಾಗಿ ಎದುರು ಒತ್ತುತ್ತಿತ್ತು. ಬೆರಳುಗಳು ಅಭ್ಯಾಸದಿಂದ ಒಳಗಿಳಿಯಲು ಹುಡುಕಿದವು, ಇಳಿಯಲು ಏನೂ ಇರಲಿಲ್ಲ.

ಹೋಹೆಪಾ ಅವಳನ್ನು ನೋಡುತ್ತಿದ್ದ. ಅವನ ದನಿ ಮೆತ್ತಗಾಯಿತು.

"ನಂಗೆ ಗೊತ್ತು ನೋಲಿ. ದಿನಾ ನೀನು ಬಂದು ಇಲ್ಲೇ ಮುಟ್ತಿದ್ದೆ. ನಾವು ನೋಡ್ಲಿಲ್ಲ ಅನ್ಕೊಂಡಿದ್ಯಾ? ಹ್ಯೂಗೋ ಇದ್ದಾಗ್ಲೂ, ಹೋದ ಮೇಲೂ. ಅದಕ್ಕೇ ಈ ಜಾಗನ ಆ ಹುಡುಗ್ರ ಕೈಗೆ ಕೊಡ್ದೆ ನಾನೇ ಮಾಡಿದ್ದು. ಸೊಂಟ ಹರಿದುಹೋಗ್ಲಿ, ನಿನಗೋಸ್ಕರ ಇಷ್ಟಾದ್ರೂ ಮಾಡ್ಬೇಕು ಅಂತ."

ಆ ಮುದುಕನ ಮುಖದ ಮೇಲೆ ಒಣಗಿದ ಮಣ್ಣಿನ ಚುಕ್ಕೆಗಳಿದ್ದವು. ಏಣಿ ಹತ್ತಬಾರದೆಂದು ಡಾಕ್ಟರು ಹೇಳಿದ್ದ ಮನುಷ್ಯ. ಏಣಿ ಇನ್ನೂ ಗೋಡೆಗೆ ಒರಗಿತ್ತು. ಒಂದು ಮಾತು ಹೇಳಿದರೆ ಸಾಕು, ಅವನು ಸಾಯುವವರೆಗೂ ಅದನ್ನು ಹೊರುತ್ತಾನೆ. ಹೊರುವುದರಲ್ಲಿ ಅವಳಷ್ಟು ಪಳಗಿದವನಲ್ಲ ಅವನು.

"ಒಳ್ಳೇದು ಮಾಡ್ದೆ" ಎಂದಳು. "ಥ್ಯಾಂಕ್ಸ್ ಕಣೋ."

"ಆಹಾ, ಥ್ಯಾಂಕ್ಸ್ ಅಂತೆ. ಇವತ್ತು ಕಡಲು ಉಕ್ಕತ್ತೆ ನೋಡು." ಅವನಿಗೆ ನಿರಾಳವಾಗಿ ಮಾತು ಮತ್ತೆ ಹರಿಯಿತು. "ಒಂದು ಕೆಲಸ ಮಾಡು. ಹೆಂಗೂ ಕೈ ಇಟ್ಟಿದೀಯ, ಇನ್ನೂ ಹಸಿ ಇದೆ, ಗಟ್ಟಿಯಾಗಿ ಒತ್ತಿಬಿಡು. ನಿನ್ನ ಕೈ ಗುರುತು ಇಲ್ಲೇ ಉಳೀಲಿ. ಬೆಂಚಿನ ಮೇಲೆ ಹೆಸರು ಬರೆಸೋದಕ್ಕಿಂತ ಇದು ವಾಸಿ. ನಾಳೆ ನಾವಿಲ್ದೆ ಇದ್ರೂ ಮಕ್ಕಳು ಬಂದು ಮುಟ್ಟಿ ನೋಡ್ತಾರೆ, ಇದು ನೋಲೀನ್ ಕೈ ಅಂತ..."

ನೋಲೀನ್ ಕೈ ತೆಗೆದಳು. ಮಣ್ಣಿನ ಮೇಲೆ ಗುರುತು ಮೂಡದಷ್ಟು ಹಗುರವಾಗಿ ಅದು ಇದ್ದಿತು. ಆದರೂ ಅಂಗೈಯಿಂದ ಉದುರಿದ ಹಿಟ್ಟು ಒಂದಿಷ್ಟು ಅಲ್ಲಿ ಬೆಳ್ಳಗೆ ಉಳಿದಿತ್ತು. ಅದನ್ನೂ ಅವಳು ಬೆರಳ ತುದಿಯಿಂದ ಸವರಿ ನುಣ್ಣಗೆ ಮಾಡಿದಳು.

"ಒತ್ತು ಅಂದ್ರೆ ಒರೆಸ್ತೀಯಲ್ಲ. ಬಾ, ಬೇಕಾದ್ರೆ ನಾನೂ ಪಕ್ಕದಲ್ಲಿ ಒತ್ತೀನಿ, ಊರೋರು ಇನ್ನೊಂದು ಕಥೆ ಕಟ್ಲಿ." ಅವನು ತನ್ನ ಮಾತಿಗೆ ತಾನೇ ನಕ್ಕ. "ಶನಿವಾರ ಬೆಂಕಿ ನೀನೇ ಕೊಡ್ಬೇಕಂತೆ, ರೊವೆನಾ ಹೇಳಿದ್ಲಾ? ಸೌದೆ ಒಣಗಿರೋದು ನೋಡಿ ಇಟ್ಟಿದೀನಿ. ಉಪ್ಪು ಯಾರು ಎಸೀತಾರೆ ಅನ್ನೋದೊಂದೇ ಈಗ. ನಿನ್ನ ಎಡಗೈ ನಂಬೋ ಹಾಗಿಲ್ಲ, ಗುರಿ ತಪ್ಪಿ ನನ್ನ ತಲೆ ಮೇಲೆ ಹಾಕ್ತೀಯ. ಆ ಹುಡುಗೀರಲ್ಲಿ ಒಬ್ಬಳಿಗೆ ಕಲಿಸೋಣ್ವಾ? ಆ ಕೆಂಪು ಕೂದಲಿನವಳು ಚುರುಕಿದಾಳೆ..."

ಅವಳು ಆಗಲೇ ತಿರುಗಿದ್ದಳು. ಮನೆಯ ಕಡೆಯ ಕಾಲುದಾರಿಯನ್ನು ಬಿಟ್ಟು, ಮರಳಿನ ಕಡೆಗೆ ಇಳಿಯುವ ದಾರಿಯಲ್ಲಿ, ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ನಡೆಯುತ್ತಿದ್ದಳು.

"ಏ ನೋಲಿ, ನಿನ್ನೇ ಕೇಳ್ತಿರೋದು. ಉಪ್ಪಿಗೆ ಯಾರು ಅಂತ ಹೇಳಿ ಹೋಗೇ..."